ಕಿಲೋಗೆ ಇಪ್ಪತ್ತೈದು ಗ್ರಾಂ

ಮೊದಲು ಗಾಳಿ ನೋಡಬೇಕು, ಅನ್ನುತ್ತಾಳೆ ಅಮ್ಮ.
ತೆಂಕಣ ಗಾಳಿಯದು ಒದ್ದೆ ನಾಲಗೆ,
ಅದು ನೆಕ್ಕಿದ ಮಾಂಸಕ್ಕೆ ಹಸಿರು ಬೂಸಲು.
ಬಡಗಣ ಬೆಟ್ಟ ಇಳಿದು ಬೂರ ಗಾಳಿ
ಇಸ್ತ್ರಿಯಾದ ಕೆಂಪು ಮಣ್ಣು ಒಣಗಿಸುತ್ತ
ನಮ್ಮ ಕಿಟಕಿಯ ಕದ ಪಟಪಟ ಬಡಿದ ದಿನವೇ
ಸಾಸೇಜಿನ ದಿನ.

ಇವತ್ತು ಬಡಿಯಿತು.

ಹಂದಿ ಬಿದ್ದದ್ದು ಗುರುವಾರ,
ಬೆಪೊನ ದ್ರಾಕ್ಷಿತೋಟದ ಕೆಳಗೆ, ಓಕ್ ಮರಗಳ ಸಂದಿಯಲ್ಲಿ.
ವಪೆಯ ಚೂರೊಂದನ್ನು ಪಶುವೈದ್ಯೆ ಗಾಜಿನಡಿ ಇಟ್ಟು
ಹುಳುವಿಲ್ಲ ಎಂದು ಚೀಟಿ ಕೊಟ್ಟ ಮೇಲೆ
ಬೇಟೆ ಸಂಘದವರು ಪಾಲು ಹಾಕಿದರು.
ಅಪ್ಪ ಹೋಗಿ ಎಂಟು ತಿಂಗಳು,
ಪಟ್ಟಿಯಲ್ಲಿ ಅವನ ಹೆಸರು ಹಾಗೇ ಇತ್ತು,
ಗೀಟು ಎಳೆಯಲು ಯಾರಿಗೂ ಕೈ ಬಂದಿರಲಿಲ್ಲ.
ನಮಗೆ ಬಂದದ್ದು ಭುಜ ಸಮೇತ ಎಡ ಮುಂಗಾಲು,
ಕತ್ತಿನದೊಂದು ತುಂಡು.

ಕಾಡಿನದಕ್ಕೆ ಕೊಬ್ಬೆಲ್ಲಿ? ಎಲ್ಲ ಓಟದಲ್ಲೇ ಕರಗಿರುತ್ತೆ.
ಮೂರರಲ್ಲೊಂದು ಪಾಲು ಸಾಕುಹಂದಿಯ ಹೊಟ್ಟೆ
ಅಂಗಡಿಯಿಂದ ತಂದಿದ್ದೆ.
ಬೆನ್ನಟ್ಟಿಸಿಕೊಂಡವನೂ ಕೂತು ಉಂಡವನೂ
ಒಂದೇ ಬೋಗುಣಿಯಲ್ಲಿ.
ಒಲೆಯ ಮೇಲೆ ಮಲ್ವಾಜಿಯಾ ವೈನು,
ಅದರಲ್ಲಿ ಜಜ್ಜಿದ ಬೆಳ್ಳುಳ್ಳಿ, ಎರಡು ಲಾರೆಲ್ ಎಲೆ.
ಕುದಿಸಿ, ಆರಿಸಿ, ಸೋಸಿ ಸುರಿಯಬೇಕು; ಬಿಸಿ ಇದ್ದರೆ ಕೊಬ್ಬು ಅಳುತ್ತೆ.
ಕರಿಮೆಣಸು ಕಣ್ಣಳತೆ.
ಉಪ್ಪು ಮಾತ್ರ ತಕ್ಕಡಿಯಲ್ಲಿ, ಕಿಲೋಗೆ ಇಪ್ಪತ್ತೈದು ಗ್ರಾಂ,
ಮುಳ್ಳು ನಿಲ್ಲುವ ತನಕ ಅಮ್ಮ ಉಸಿರೂ ಬಿಡುವುದಿಲ್ಲ.

ಭುಜ ಬಿಡಿಸುತ್ತಿದ್ದೆ.
ಚಾಕು ಟಕ್ ಅಂತು.
ಮೂಳೆ ಅಂದುಕೊಂಡೆ. ಮೂಳೆ ಹೀಗೆ ಜಾರುವುದಿಲ್ಲ.
ಬಿಳಿ ನಾರಿನ ಗಂಟೊಂದು, ವಾಲ್‌ನಟ್ ಗಾತ್ರದ್ದು,
ಸೀಳಿದರೆ ಒಳಗೆ ಸೀಸದ ಗುಂಡು,
ಹಳೆಯದು, ಮೂತಿ ಚಪ್ಪಟೆ,
ಸುತ್ತಲೂ ಮಾಂಸ ಮನೆ ಕಟ್ಟಿಕೊಂಡಿತ್ತು.

ಗುರುವಾರದ ಗುಂಡು ಹೊಕ್ಕದ್ದು ಕತ್ತಿಗೆ.
ಇದು ಯಾರದು, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮೂರು ಶರತ್ತಿನ ಹಿಂದೆ ಅಪ್ಪ ಏದುತ್ತ ಬಂದಿದ್ದ:
ಹೊಡೆದೆ, ಎಡ ಭುಜಕ್ಕೇ, ಕರುವಿನಷ್ಟಿತ್ತು!
ಹುಡುಕಿದರು. ನೆತ್ತರಿಲ್ಲ, ಕೂದಲಿಲ್ಲ,
ನಾಯಿ ಕೂಡ ನಾಚಿಕೊಂಡು ಹಿಂದಿರುಗಿತು.
ಆಮೇಲೆ ಊರಿಗೊಂದು ಗಾದೆ ಸಿಕ್ಕಿತು.
ಸಾಲ ಯಾವಾಗ ತೀರಿಸುತ್ತೀಯೋ? ಝ್ವಾನೆಯ ಹಂದಿ ಸಿಕ್ಕಾಗ.
ಮಳೆ ಬರುತ್ತಾ? ಬರುತ್ತೆ, ಝ್ವಾನೆಯ ಹಂದಿ ಏರಿ.
ಅಪ್ಪನೂ ನಗುತ್ತಿದ್ದ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.
ಒಂದು ಸಲ, ನೆಂಟರ ಮುಂದೆ, ಸೂಪ್ ಬಡಿಸುತ್ತ
ಅಮ್ಮನೂ ಅದನ್ನೇ ಅಂದಳು.
ಅವತ್ತು ಅವನು ನಗಲಿಲ್ಲ.
ಕೋವಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಬೀರುವಿನ ಮೇಲಿಟ್ಟ.

ಅಮ್ಮ ಗುಂಡನ್ನು ತೊಳೆದಳು. ಒರೆಸಿದಳು.
ಉಪ್ಪಿನ ತಟ್ಟೆಯಲ್ಲಿಟ್ಟಳು.
ಮುಳ್ಳು ನಡುಗಿ ಇಪ್ಪತ್ತೆಂಟಕ್ಕೆ ನಿಂತಿತು.
‘ಮೂರು ಗ್ರಾಂ ಜಾಸ್ತಿ,’ ಅಂದಳು. ಅಷ್ಟೇ.
ಆಮೇಲೆ, ‘ಹಿಡಿ ತಿರುಗಿಸು, ನಿಧಾನ.’

ಈ ಕೆಲಸಕ್ಕೆ ಎರಡು ಜೊತೆ ಕೈ ಬೇಕು,
ಒಬ್ಬರು ತಿರುಗಿಸಲು, ಒಬ್ಬರು ಕರುಳು ಹಿಡಿಯಲು.
ತಿರುಗಿಸುವುದು ಅಪ್ಪನ ಕೆಲಸವಾಗಿತ್ತು.
ನನ್ನದು ಅವಸರದ ಕೈ; ಎರಡು ಕಡೆ ಕರುಳು ಒಡೆಯಿತು,
ಅವಳು ಬೈಯಲಿಲ್ಲ, ಅದೇ ಹೆದರಿಕೆ.
ಒಂದು ಗೇಣಿಗೆ ಎಡತಿರುವು, ಮತ್ತೊಂದು ಗೇಣಿಗೆ ಬಲತಿರುವು,
ಸೂಜಿಯಿಂದ ಚುಚ್ಚಿದಾಗ ಸಿಕ್ಕಿಬಿದ್ದ ಗಾಳಿ ಸುಯ್ಯೆಂದಿತು.

ಮಿಕ್ಕ ಮಿಶ್ರಣ ಬಾಣಲೆಗೆ ಬಿದ್ದ ವಾಸನೆಗೇ
ಬೆಪೊ ಬಂದ. ಬರದೇ ಇರುತ್ತಾನೆಯೇ.
ಬ್ರೆಡ್ಡಿನ ಮೇಲೆ ಹಾಕಿ ಕೊಟ್ಟಳು.
‘ಉಪ್ಪು ಹದವಾಗಿದೆ, ಫೂಮೆ!’
‘ತಿನ್ನು, ತಿನ್ನು. ಝ್ವಾನೆಯ ಹಂದಿ.’

ಅವನು ಬಾಯಿ ತುಂಬ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು,
ಮೇಜು ಗುದ್ದಿ ನಕ್ಕ,
ಗುದ್ದಿಗೆ ತಟ್ಟೆಯಲ್ಲಿ ಏನೋ ಉರುಳಿತು,
ತಿರುಗಿ ನೋಡಿದ.
ಅಗಿಯುವುದು ನಿಂತಿತು.

ಅಮ್ಮ ಆಗಲೇ ಅಟ್ಟದ ಏಣಿ ಹತ್ತಿದ್ದಳು,
ಹೆಗಲ ಮೇಲೆ ಸಾಸೇಜಿನ ಸರ.
‘ಹೋಗುವಾಗ ಬಾಗಿಲು ತೆರೆದಿಡು, ಬೆಪೊ,’
ಮೇಲಿಂದ ಕೂಗಿದಳು,
‘ಗಾಳಿ ಬರಲಿ.’